ವಿಚ್ಛೇದನದ ಕೇಸಿಗೆ ವಕೀಲರನ್ನು ಹಿಡಿಯುವ ಮುನ್ನ: ಗಡಿ ಊರಿನವರು ಕೇಳಬೇಕಾದ ಪ್ರಶ್ನೆಗಳು



ರಾಜ್ಯೋತ್ಸವ, ಪ್ರತಿಭಾ ಪುರಸ್ಕಾರ, ಕನ್ನಡ ಶಾಲೆಗಳ ಸುದ್ದಿ ಬರುವ ಈ ಪುಟದಲ್ಲಿ ಇಂಥ ವಿಷಯ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಾಸಿಕ ಸಭೆ ಮುಗಿದು, ಕುರ್ಚಿ ಮಡಿಸಿಟ್ಟು, ಎಲ್ಲರೂ ಹೊರಟ ಮೇಲೆ ಒಬ್ಬಿಬ್ಬರು ಉಳಿದುಕೊಳ್ಳುತ್ತಾರೆ. ದನಿ ತಗ್ಗಿಸಿ, "ಮಗಳದ್ದು ಒಂದು ವಿಷಯ ಕೇಳಬೇಕಿತ್ತು" ಎನ್ನುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳಿದ್ದನ್ನು ಈಗ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಸಂಸಾರ ಒಡೆಯಲಿ ಎಂಬ ಆಸೆ ಯಾರಿಗೂ ಇಲ್ಲ. ಒಡೆದ ಮೇಲೆ ದಾರಿ ತಪ್ಪಬಾರದು ಎಂಬುದಷ್ಟೇ ನನ್ನ ಉದ್ದೇಶ.

ನಮ್ಮ ಮನೆಯಲ್ಲೇ ನಡೆದದ್ದು

ನನ್ನ ತಂಗಿಯ ಮಗಳನ್ನು ಗಡಿಯಾಚೆಯ ಒಂದು ಊರಿಗೆ ಕೊಟ್ಟಿದ್ದೆವು. ಕೈಗೂಸಿನೊಂದಿಗೆ ತವರಿಗೆ ಬಂದಳು. ಹಿರಿಯರು ಎರಡು ಸಲ ಕೂತು ಮಾತಾಡಿದರೂ ಸರಿಹೋಗಲಿಲ್ಲ. ಸರ್ವೀಸಿನುದ್ದಕ್ಕೂ ಕಡತಗಳ ನಡುವೆ ಇದ್ದವನು ನಾನು, ಕಾಗದಪತ್ರ ನನಗೆ ಗೊತ್ತು ಎಂಬ ಧೈರ್ಯದಲ್ಲಿ ಮುಂದೆ ನಿಂತೆ. ನಮ್ಮ ಜಮೀನಿನ ಕೇಸು ಗೆದ್ದುಕೊಟ್ಟಿದ್ದ ವಕೀಲರ ಬಳಿಯೇ ಕರೆದುಕೊಂಡು ಹೋದೆ. ಅವರು ಫೀಸು ತೆಗೆದುಕೊಂಡರು, ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ನಾನು ರಸೀದಿ ಕೇಳಲಿಲ್ಲ, ಅರ್ಜಿಯ ನಕಲನ್ನೂ ಕೇಳಲಿಲ್ಲ. ಫೋನ್ ಮಾಡಿದಾಗಲೆಲ್ಲ "ಆಗ್ತಾ ಇದೆ ಸ್ವಾಮಿ" ಎಂಬ ಉತ್ತರ.

ಏಳು ತಿಂಗಳ ಮೇಲೆ ಕರ್ನಾಟಕದ ಕೋರ್ಟಿನಿಂದ ಸಮನ್ಸ್ ಬಂತು. ಹುಡುಗನ ಕಡೆಯವರು ಅಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದರು. ನಮ್ಮದು ಆವರೆಗೂ ದಾಖಲೇ ಆಗಿರಲಿಲ್ಲ. ಆಮೇಲೆ ಬೇರೆ ವಕೀಲರ ಮೂಲಕ ನಮ್ಮೂರಿನಲ್ಲಿ ಜೀವನಾಂಶದ ಅರ್ಜಿ ಹಾಕಿದೆವು. ಆದೇಶ ಬಂದಾಗ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದರು. ಹಿಂದಿನ ಏಳು ತಿಂಗಳಿಗೆ ಬಿಡಿಗಾಸೂ ಇಲ್ಲ. ವಾಯಿದೆ ವಾಯಿದೆಗೂ ಆ ಹುಡುಗಿ ಮಗುವನ್ನೆತ್ತಿಕೊಂಡು ಎರಡು ಬಸ್ಸು ಬದಲಿಸಿ ಆಚೆಯ ಕೋರ್ಟಿಗೆ ಹೋಗಿ ಬಂದಳು. ಆ ವಕೀಲರು ಜಮೀನಿನ ಕೇಸಿಗೆ ಒಳ್ಳೆಯವರೇ. ತಪ್ಪು ಆಯ್ಕೆ ಮಾಡಿದವನು ನಾನು.

ಮೊದಲು ಕೋರ್ಟು ಯಾವುದು ಎಂದು ತಿಳಿಯಿರಿ, ಆಮೇಲೆ ವಕೀಲರು

ನಮ್ಮ ಭಾಗದ ಸಂಬಂಧಗಳು ರಾಜ್ಯದ ಗಡಿ ನೋಡಿ ಆದವಲ್ಲ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಇವತ್ತಿಗೂ ರಾಯದುರ್ಗದವರಿಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯವರ ನೆಂಟಸ್ತಿಕೆ ಶಿರಾ, ಪಾವಗಡ, ಮಧುಗಿರಿಯಲ್ಲಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗಾಗಿ ಕೇಸು ಎಲ್ಲಿ ಎಂಬ ಪ್ರಶ್ನೆ ನಮಗೆ ಬೇರೆಯವರಿಗಿಂತ ದೊಡ್ಡದು.

1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಅರ್ಜಿಯನ್ನು ಮದುವೆ ನಡೆದ ಸ್ಥಳದ ಕೋರ್ಟಿನಲ್ಲಿ, ಎದುರು ಪಕ್ಷದವರು ವಾಸವಿರುವ ಸ್ಥಳದಲ್ಲಿ, ಅಥವಾ ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳದಲ್ಲಿ ಹಾಕಬಹುದು. 2003ರ ತಿದ್ದುಪಡಿಯಿಂದ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ವಾಸವಿರುವ ಸ್ಥಳದಲ್ಲೂ ಹಾಕಬಹುದು. ತವರಿಗೆ ಬಂದ ಹೆಣ್ಣುಮಗಳಿಗೆ ಇದು ದೊಡ್ಡ ಅನುಕೂಲ.

ಆದರೆ ಇಬ್ಬರೂ ಬೇರೆ ಬೇರೆ ಕಡೆ ವಿಚ್ಛೇದನದ ಅರ್ಜಿ ಹಾಕಿದರೆ, ಆಮೇಲೆ ಹಾಕಿದ್ದನ್ನು ಮೊದಲು ಹಾಕಿದ ಕೋರ್ಟಿಗೆ ಕಳಿಸಿ ಒಟ್ಟಿಗೆ ವಿಚಾರಣೆ ಮಾಡಬೇಕು ಎಂದು ಅದೇ ಕಾಯ್ದೆಯ 21ಎ ಕಲಮು ಹೇಳುತ್ತದೆ. ಅಂದರೆ ತಡ ಮಾಡಿದವರು ಎದುರಿನವರ ಊರಿಗೆ ಅಲೆಯಬೇಕಾಗಬಹುದು. ಒಂದೇ ರಾಜ್ಯದೊಳಗೆ ಕೇಸು ವರ್ಗ ಮಾಡಿಸಲು ಹೈಕೋರ್ಟು ಸಾಕು. ಪಾವಗಡದಿಂದ ಮಡಕಶಿರಾಕ್ಕೆ ದಾರಿ ಎಷ್ಟೇ ಚಿಕ್ಕದಿರಲಿ, ರಾಜ್ಯ ಬೇರೆಯಾದ್ದರಿಂದ ವರ್ಗಾವಣೆಗೆ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಹೆಂಡತಿಯ ತೊಂದರೆಯನ್ನು ಆ ಕೋರ್ಟು ಸಾಮಾನ್ಯವಾಗಿ ಗಮನಿಸುತ್ತದೆ, ನಿಜ. ಆದರೆ ಖರ್ಚು, ಕಾಲ ಎರಡೂ ಬೇಕು.

ಜೀವನಾಂಶದ ಅರ್ಜಿಗೂ (ಹಿಂದೆ 125ನೇ ಕಲಮು, 1-7-2024ರಿಂದ ಹೊಸ ಸಂಹಿತೆಯ 144ನೇ ಕಲಮು), 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಗೂ ಹೆಂಡತಿ ಇರುವ ಊರಿನ ಕೋರ್ಟೇ ಸಾಕು. ಮಗುವಿನ ಪಾಲನೆಯ ಅರ್ಜಿ ಮಗು ಸಾಮಾನ್ಯವಾಗಿ ವಾಸವಿರುವ ಸ್ಥಳದಲ್ಲಿ.

ಆದ್ದರಿಂದ ವಕೀಲರಿಗೆ ಮೊದಲ ಪ್ರಶ್ನೆ ಇದು: "ಸ್ವಾಮಿ, ನಮ್ಮ ಅರ್ಜಿಯನ್ನು ಯಾವ ಊರಿನ ಯಾವ ಕೋರ್ಟಿನಲ್ಲಿ ಹಾಕುತ್ತೀರಿ, ಯಾಕೆ?" ಇದಕ್ಕೆ ಸ್ಪಷ್ಟ ಉತ್ತರ ಕೊಡದವರನ್ನು ಬಿಟ್ಟು ಮುಂದೆ ಹೋಗಿ. ಕಾನೂನಿನಂತೆ ವಕೀಲರು ದೇಶದ ಯಾವ ಕೋರ್ಟಿನಲ್ಲಾದರೂ ವಾದಿಸಬಹುದು. ಆದರೂ ಹಿಂದೂಪುರದವರು ವಾಯಿದೆ ವಾಯಿದೆಗೂ ಮಧುಗಿರಿಗೆ ಬರುತ್ತಾರೆಯೇ, ಬರದಿದ್ದರೆ ಅಲ್ಲಿ ಯಾರು ನಿಲ್ಲುತ್ತಾರೆ, ಅವರ ಫೀಸು ಯಾರದ್ದು ಎಂಬುದನ್ನು ಮೊದಲೇ ಮಾತಾಡಿ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು

ಕೌಟುಂಬಿಕ ಕೇಸುಗಳನ್ನು ನಿಯಮಿತವಾಗಿ ನಡೆಸುವವರೇ ಎಂದು ವಿಚಾರಿಸಿ. ವಕೀಲರು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಬೋರ್ಡು ನೋಡಿ ತೀರ್ಮಾನಿಸಬೇಡಿ. ಅರ್ಧ ದಿನ ಕೋರ್ಟಿನಲ್ಲಿ ಕೂತು ನೋಡಿ, ಇಂಥ ಕೇಸು ಮುಗಿಸಿಕೊಂಡವರನ್ನು ಕೇಳಿ.

ಒಳ್ಳೆಯ ವಕೀಲರು ಮೊದಲು ನಿಮ್ಮ ಮಾತು ಕೇಳುತ್ತಾರೆ. ಮದುವೆ ಯಾವಾಗ ಆಯಿತು, ಎಂದಿನಿಂದ ಬೇರೆ ಇದ್ದೀರಿ, ಮಗು ಯಾರ ಹತ್ತಿರ ಇದೆ, ಒಡವೆ ಎಲ್ಲಿದೆ, ಸೇರಿ ಬಾಳುವ ಸಾಧ್ಯತೆ ಇದೆಯೇ ಎಂದು ಕೇಳುತ್ತಾರೆ. ಮದುವೆಯಾಗಿ ಒಂದು ವರ್ಷದೊಳಗೆ ವಿಶೇಷ ಕಾರಣವಿಲ್ಲದೆ ವಿಚ್ಛೇದನದ ಅರ್ಜಿ ಹಾಕಲಾಗದು ಎಂದು ಹೇಳುತ್ತಾರೆ. ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಆ ಆರು ತಿಂಗಳನ್ನು ಸೂಕ್ತ ಕಂಡರೆ ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ ಎಂಬುದನ್ನೂ ತಿಳಿಸುತ್ತಾರೆ.

"ಮೂರು ತಿಂಗಳಲ್ಲಿ ಬಿಡಿಸಿಕೊಡ್ತೀನಿ, ಗ್ಯಾರಂಟಿ" ಎನ್ನುವವರನ್ನು ನಂಬಬೇಡಿ. "ಮೊದಲು ಮನೆಯವರೆಲ್ಲರ ಮೇಲೆ ಪೊಲೀಸ್ ಕೇಸು ಜಡಿಯೋಣ, ದಾರಿಗೆ ಬರ್ತಾರೆ" ಎನ್ನುವವರ ಹತ್ತಿರವೂ ಎಚ್ಚರ. ನಿಜವಾಗಿ ಹೊಡೆತ ಬಡಿತ ನಡೆದಿದ್ದರೆ ದೂರು ಕೊಡಲೇಬೇಕು. ತವರಿನ ಠಾಣೆಯಲ್ಲೂ ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇಲ್ಲದ್ದನ್ನು ಸೇರಿಸಿ ಬರೆಸಿದರೆ ಮಾತ್ರ ಅದು ನಾಳೆ ನಿಮಗೇ ತಿರುಗಿ ಬರುತ್ತದೆ.

ಇನ್ನೊಂದು ಮಾತು. ಕೇಸು ಮಗಳದ್ದು, ನಮ್ಮದಲ್ಲ. ವಕೀಲರ ಎದುರು ಅಪ್ಪ, ಮಾವ, ಚಿಕ್ಕಪ್ಪ ಮೂವರೂ ಮಾತಾಡಿ ಅವಳು ಮೂಲೆಯಲ್ಲಿ ಕೂತಿರುತ್ತಾಳೆ. ನಾನೂ ಅದನ್ನೇ ಮಾಡಿದೆ. ಹತ್ತು ನಿಮಿಷ ಹೊರಗೆ ಹೋಗಿ, ಅವಳೊಬ್ಬಳೇ ಮಾತಾಡಲಿ. ನಮ್ಮೆದುರು ಹೇಳಲಾಗದ ವಿಷಯ ಇರುತ್ತದೆ, ಕೇಸಿಗೆ ಬೇಕಾದದ್ದು ಅದೇ ಇರಬಹುದು.

ಫೀಸು, ರಸೀದಿ, ನಕಲು

ಪೂರ್ತಿ ಫೀಸು ಎಷ್ಟು, ಯಾವ ಹಂತದಲ್ಲಿ ಎಷ್ಟು, ಕೋರ್ಟು ಖರ್ಚು, ಟೈಪಿಂಗ್ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಸಿಗುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಕೇಳುವಂತಿಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಫೀಸು ಫೋನ್ ಮೂಲಕ ಕಟ್ಟಿದರೆ ಲೆಕ್ಕ ತಾನೇ ಉಳಿಯುತ್ತದೆ.

ಖಾಲಿ ಕಾಗದಕ್ಕೆ ಸಹಿ ಬೇಡ. ಅರ್ಜಿ ದಾಖಲಾದ ಮೇಲೆ ಅದರ ನಕಲು ಮತ್ತು 16 ಅಕ್ಷರ ಅಂಕಿಗಳ ಸಿಎನ್ಆರ್ ನಂಬರು ಕೇಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಮುಂದಿನ ವಾಯಿದೆ, ಹಿಂದೆ ಏನಾಯಿತು ಎಲ್ಲವೂ ಕಾಣುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ನಾನು ಈ ನಂಬರು ಮೊದಲ ತಿಂಗಳೇ ಕೇಳಿದ್ದರೆ ಏಳು ತಿಂಗಳು ಹಾಳಾಗುತ್ತಿರಲಿಲ್ಲ.

ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು ಎಂದೂ, ಜೀವನಾಂಶವನ್ನು ಅರ್ಜಿಯ ದಿನದಿಂದ ಕೊಡಿಸಬೇಕು ಎಂದೂ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದಕ್ಕೇ ತಡ ಮಾಡಬಾರದು ಎಂದು ಒತ್ತಿ ಹೇಳುತ್ತಿದ್ದೇನೆ.

ವಕೀಲರು ಸರಿಬರದಿದ್ದರೆ ಬದಲಿಸುವ ಹಕ್ಕು ನಿಮಗಿದೆ. ಫೀಸು ಬಾಕಿ ಇದೆ ಎಂದು ಕಡತ ಇಟ್ಟುಕೊಳ್ಳುವಂತಿಲ್ಲ ಎಂದು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ದೊಡ್ಡ ಅನ್ಯಾಯವಾದರೆ ಆಯಾ ರಾಜ್ಯದ ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು.

ಭಾಷೆಯ ಮಾತು

ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕೋರ್ಟಿನ ಕಾಗದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ. ಇದು ನಮ್ಮವರ ಪಾಡು. ಆಂಧ್ರದ ಕಾಗದದಲ್ಲಿ 'ಮನೋವರ್ತಿ' ಎಂದಿದ್ದರೆ ಅದು ನಮ್ಮ ಜೀವನಾಂಶ, 'ವಿಡಾಕುಲು' ಎಂದರೆ ವಿಚ್ಛೇದನ. ಪ್ರಮಾಣಪತ್ರದ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಮಾಡಿ. ಪಾಟೀಸವಾಲಿನಲ್ಲಿ "ಇದು ನಾನು ಹೇಳಿದ್ದಲ್ಲ" ಎಂದರೆ ಕೇಸೇ ಸಡಿಲವಾಗುತ್ತದೆ. ತಾಳ್ಮೆಯಿಂದ ಓದಿ ಹೇಳುವ ವಕೀಲರು ಸಿಕ್ಕರೆ, ಅರ್ಧ ಆಯ್ಕೆ ಮುಗಿದಂತೆ.

ದುಡ್ಡಿಲ್ಲದವರಿಗೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಆಂಧ್ರದಲ್ಲಿ ಕೋರ್ಟಿನ ಆವರಣದಲ್ಲೇ ಮಂಡಲ ಕಾನೂನು ಸೇವಾ ಸಮಿತಿ, ಕರ್ನಾಟಕದಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ಸಹಾಯವಾಣಿ 15100. ಹೊಡೆತ ಬಡಿತದ ತುರ್ತಿಗೆ ಮಹಿಳಾ ಸಹಾಯವಾಣಿ 181.

ಛಾಪಾ ಕಾಗದದ ಬಿಡುಗಡೆ ಬೇಡ

ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸಿ, "ಬಿಡುಗಡೆ ಆಯ್ತು" ಎನ್ನುವುದು ನಮ್ಮ ಕಡೆ ಇನ್ನೂ ಇದೆ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಜಾಗ ಇದೆ, ಆದರೆ ಆ ರೂಢಿಯನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಉಳಿದವರಿಗೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಅದು ಅಪರಾಧ. ನೌಕರಿಯಲ್ಲಿದ್ದಾಗ ಕುಟುಂಬ ಪಿಂಚಣಿಯ ಕಡತದಲ್ಲಿ ಇಂಥ ಕಾಗದ ಹಿಡಿದು ಬಂದ ಹೆಂಗಸರನ್ನು ಕಂಡಿದ್ದೇನೆ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದರೂ ಹೆಂಡತಿ ಎಂದು ಬರೆದುಕೊಳ್ಳಲು ನಮಗೆ ಆಗುತ್ತಿರಲಿಲ್ಲ. ಹಿರಿಯರ ರಾಜಿ ಆಗಲಿ, ಒಳ್ಳೆಯದೇ. ಆ ರಾಜಿಯನ್ನು ಪರಸ್ಪರ ಒಪ್ಪಿಗೆಯ ಅರ್ಜಿಯಾಗಿ ಕೋರ್ಟಿಗೆ ಹಾಕಿ, ಡಿಕ್ರಿಯ ದೃಢೀಕೃತ ನಕಲು ಪಡೆದು, ಅಪೀಲಿನ ಅವಧಿ ಮುಗಿಯಿತೇ ಎಂದು ವಕೀಲರನ್ನು ಕೇಳಿಯೇ ಮುಂದಿನ ಮಾತು.

ವಿಚ್ಛೇದನದ ಬಗ್ಗೆ ಮೇಲೆ ಹೇಳಿದ ಕಲಮುಗಳು ಹಿಂದೂ ವಿವಾಹ ಕಾಯ್ದೆಯವು. ಮುಸ್ಲಿಂ, ಕ್ರೈಸ್ತ ಸದಸ್ಯರಿಗೆ ವಿಚ್ಛೇದನದ ಕಾನೂನು ಬೇರೆ. ವಕೀಲರ ಆಯ್ಕೆ, ರಸೀದಿ, ನಕಲು, ಉಚಿತ ನೆರವಿನ ಮಾತು ಎಲ್ಲರಿಗೂ ಒಂದೇ.

ಸಂಘದಿಂದ ಯಾವ ವಕೀಲರ ಹೆಸರನ್ನೂ ಶಿಫಾರಸು ಮಾಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ. ಆದರೆ ತೆಲುಗು ಕಾಗದ ಓದಿ ಹೇಳಬೇಕಿದ್ದರೆ, ಅರ್ಜಿ ತುಂಬಿಕೊಡಬೇಕಿದ್ದರೆ, ಮಾಸಿಕ ಸಭೆಯ ದಿನ ಅರ್ಧ ಗಂಟೆ ಮೊದಲೇ ಬನ್ನಿ, ನಾನಿರುತ್ತೇನೆ. ಮದುವೆಯ ಲಗ್ನಪತ್ರಿಕೆ, ಒಂದು ಫೋಟೋ, ಆಧಾರ್ ನಕಲು, ಬಂದಿರುವ ನೋಟಿಸು ಇದ್ದರೆ ಅದು, ಇಷ್ಟು ತನ್ನಿ. ಕೇಳಿದ ವಿಷಯ ಅಲ್ಲಿಂದ ಹೊರಗೆ ಹೋಗುವುದಿಲ್ಲ.

ಇಂತಿ ನಿಮ್ಮ,
ಕಾರ್ಯದರ್ಶಿ