ಪೇಟಿ ಇಲ್ಲ, ಪರದೆ ಇಲ್ಲ, ಒಂದು ಖಾಲಿ ಕುರ್ಚಿ

ಯಾದಗಿರಿ ಜಿಲ್ಲೆಯ ಕಕ್ಕೇರಾ ಕಡೆಯ ಯಾವುದಾದರೂ ಶಾಲೆಗೆ ಹೋಗಿ ‘ಪಾಠಕ್ಕೆ ನಾಟಕ ಬಳಸಿ’ ಎಂದು ಹೇಳಿ ನೋಡಿ. ‘ಡ್ರೆಸ್ ಎಲ್ಲಿಂದ ತರೋದ್ರಿ?’ ಎಂಬ ಪ್ರಶ್ನೆಯೇ ಮೊದಲು ಬಂದೀತು. ತಪ್ಪೇನಿಲ್ಲ. ಜಾತ್ರೆ ಹತ್ತಿರ ಬಂತೆಂದರೆ ಈ ಸೀಮೆಯ ಹುಡುಗರು ಪಟ್ಟಿ ಹಾಕುತ್ತಾರೆ, ನಾಟಕದ ಮಾಸ್ತರರನ್ನು ಕರೆಸಿ ತಾಲೀಮಿಗೆ ಕೂರುತ್ತಾರೆ, ಪರದೆ ಬಾಡಿಗೆಗೆ ಬರುತ್ತದೆ, ಪೇಟಿ–ತಬಲಾ ಸಜ್ಜಾಗುತ್ತವೆ. ಆಮೇಲೆ ಬೆಳತನಕ ಆಟ. ನಾಟಕವನ್ನೇ ಕಾಣದ ಊರಿನಲ್ಲಿ ತರಗತಿಯ ನಾಟಕ ಎಂದರೇನು ಎಂದು ತಿಳಿಸುವುದು ಸುಲಭ. ನಾಟಕ ಇಷ್ಟು ಚೆನ್ನಾಗಿ ಗೊತ್ತಿರುವ ಊರಿನಲ್ಲೇ ಕಷ್ಟ.

ನಂಬಿಕೆ: ‘ನಾಟಕ ಅಂದ್ರ ಸ್ಟೇಜ್ ಬೇಕು, ಮಂದಿ ಬೇಕು’

ತರಗತಿಯ ನಾಟಕಕ್ಕೆ ಪ್ರೇಕ್ಷಕರೇ ಇರುವುದಿಲ್ಲ. ಎಲ್ಲರೂ ಒಳಗಿನವರೇ. ಗ್ಯಾದರಿಂಗ್‌ಗೋ ಪ್ರತಿಭಾ ಕಾರಂಜಿಗೋ ಕಟ್ಟುವ ನಾಟಕ ಬೇರೆ. ಅಲ್ಲಿ ಚುರುಕಾದ ನಾಲ್ಕು ಮಕ್ಕಳಿಗೆ ಪಾತ್ರ, ಉಳಿದವರಿಗೆ ಚಪ್ಪಾಳೆ. ಪಾಠದ ನಾಟಕದಲ್ಲಿ ಮಾತು ಮೊದಲೇ ಬರೆದಿರುವುದಿಲ್ಲ. ಒಂದು ಸಂದರ್ಭ, ಒಂದು ಪ್ರಶ್ನೆ, ಹದಿನೈದು ನಿಮಿಷ. ಅಷ್ಟೇ ಬಂಡವಾಳ.

ಈ ಕ್ರಮವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ (1926–2011) ದೊಡ್ಡ ಹೆಸರು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಗಿರಣಿಯಲ್ಲಿ ನೇಯುತ್ತಿದ್ದ ಹುಡುಗಿ, ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೇ ಪಾಠ ಹೇಳಿದಳು. ಆಕೆಯ ಮುಖ್ಯ ಉಪಾಯ ಇಷ್ಟು: ಮಕ್ಕಳಿಗಿಂತ ಮೊದಲು ಮೇಷ್ಟ್ರೇ ಪಾತ್ರ ಹಾಕಬೇಕು. ಅದೂ ರಾಜನ ಪಾತ್ರವಲ್ಲ. ಏನೂ ತಿಳಿಯದೆ ಸಹಾಯ ಕೇಳಿಕೊಂಡು ಬಂದವನ ಪಾತ್ರ.

ನಂಬಿಕೆ: ‘ಬಾಯಿ ಬಿಡದ ಹುಡುಗರಿಗೆ ಇದು ಆಗೋದಿಲ್ಲ’

ಹೊಲದ ನಡುವಿನ ದೊಡ್ಡಿಗಳಿಂದ ನಡೆದು ಬರುವ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವ, ಹಾಜರಿಗೆ ‘ಎಸ್ ಸರ್’ ಅಂದರೆ ಅದೇ ದಿನದ ಮಾತು ಎನ್ನುವಂಥ ಮಕ್ಕಳೇ ಇದಕ್ಕೆ ಬೇಕಾದವರು. ಅವರಿಗೆ ಮಾತು ಬರುವುದಿಲ್ಲ ಎನ್ನುವುದು ಸುಳ್ಳು. ತಪ್ಪಾದರೆ ನಗುತ್ತಾರೆ ಎಂಬ ಅಂಜಿಕೆ, ಪುಸ್ತಕದ ಕನ್ನಡ ನಾಲಿಗೆಗೆ ಹೊಂದದ ಸಂಕೋಚ, ತಾಂಡಾದ ಮಗುವಾದರೆ ಮನೆಯ ಮಾತೇ ಬೇರೆ. ಪಾತ್ರದ ಮರೆಯಲ್ಲಿ ನಿಂತಾಗ ತಪ್ಪಿದ್ದು ಆ ಪಾತ್ರ, ತಾನಲ್ಲ. ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಮೆತ್ತಗಿನ ಮನುಷ್ಯನೂ ಗದೆ ಬೀಸುವುದನ್ನು ದೊಡ್ಡಾಟದಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಎಚ್ಚರ ಬೇಕು: ಅಂಥ ಮಗುವನ್ನು ಮೊದಲ ದಿನವೇ ಎಳೆದು ಮುಂದೆ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಮೊದಲು ಗುಂಪಿನಲ್ಲಿ ಒಬ್ಬನಾಗಿರಲಿ.

ಉದಾಹರಣೆಗೆ ದೂರ ಹೋಗುವುದು ಬೇಡ, ಸುರಪುರವೇ ಇದೆ. ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಲು 1841ರಲ್ಲಿ ಬಂದವನು ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್, 1853ರವರೆಗೆ ಇದ್ದ. ಬಾಲಕ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಮೇಲೆ ಕಾದಾಡಿದ ರಾಜ ಹೈದರಾಬಾದಿನಲ್ಲಿ ಸೆರೆಯಾದ. ಅಲ್ಲಿನ ಸೆರೆಮನೆಗೆ ಟೇಲರ್ ಅವನನ್ನು ಕಾಣಲು ಹೋದ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದನ್ನು ನಂಬದವರೂ ಇದ್ದಾರೆ.

ಇದನ್ನು ಇಸವಿಗಳ ಪಟ್ಟಿ ಮಾಡಿ ಬೋರ್ಡಿಗೆ ಬರೆಯಬಹುದು. ಇಲ್ಲವೇ ಒಂದು ಖಾಲಿ ಕುರ್ಚಿ ಇಟ್ಟು, ಟೇಲರ್ ಸಾಹೇಬನಾಗಿ ಮೇಷ್ಟ್ರು ಅದರಲ್ಲಿ ಕೂರಬಹುದು. ಇಡೀ ತರಗತಿ ಸುರಪುರದ ಮಂದಿ. ಯಾರು ಏನು ಬೇಕಾದರೂ ಕೇಳಬಹುದು, ಮನೆಯ ಮಾತಿನಲ್ಲೇ. ‘ಅಪ್ಪಾ ಅಂತ ಕರದವನ್ನ ಹ್ಯಾಂಗ ಬಿಟ್ಟುಕೊಟ್ಟಿ?’ ಎಂಬ ಪ್ರಶ್ನೆ ಮುಂದಿನ ಸಾಲಿನಿಂದಲೇ ಬರಬೇಕೆಂದಿಲ್ಲ. ಉತ್ತರಿಸಲು ಮೇಷ್ಟ್ರು ತಡವರಿಸಿದಷ್ಟೂ ಒಳ್ಳೆಯದು. ಪುಸ್ತಕ ತೆರೆಯಲು ಹುಡುಗರಿಗೆ ಆಗ ಒಂದು ಕಾರಣ ಸಿಗುತ್ತದೆ.

ನಂಬಿಕೆ: ‘ಸಿಲೆಬಸ್ ಮುಗಿಯೋದಿಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬೀಳತೈತಿ’

ರಿಸಲ್ಟಿನ ಭಯ ಯಾದಗಿರಿಯವರಿಗೆ ಇರುವುದು ಸುಮ್ಮನೆ ಅಲ್ಲ. 2011ರ ಜನಗಣತಿಯಲ್ಲಿ ಶೇ 51.8ರ ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಗಿದ್ದ ಜಿಲ್ಲೆ ಇದು. ಅದೇ ಉತ್ತರ ಕರ್ನಾಟಕದ ಸೀಮೆಯಲ್ಲಿ ಅಕ್ಷರ ಬಾರದ ಎಷ್ಟೋ ಕಲಾವಿದರು ದೊಡ್ಡಾಟದ ಉದ್ದುದ್ದ ಮಾತುಗಳನ್ನು ತಾಲೀಮಿನಲ್ಲಿ ಕೇಳಿ ಕೇಳಿಯೇ ದಕ್ಕಿಸಿಕೊಂಡವರು.

ಓದಿಗೂ ನಾಟಕಕ್ಕೂ ಇರುವ ನಂಟನ್ನು ಅಳೆದು ನೋಡಿದವರಿದ್ದಾರೆ. ಆನ್ ಪೊಡ್ಲೋಜ್ನಿ ಎಂಬ ಸಂಶೋಧಕಿ 2000ದಲ್ಲಿ ಇಂಥ 80 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ತರಗತಿಯಲ್ಲಿ ಆಡಿ ನೋಡಿದ ಮಕ್ಕಳಿಗೆ ಕಥೆ ಅರ್ಥವಾಗುವುದು, ಓದು, ಬರವಣಿಗೆ ಇವೆಲ್ಲ ಉತ್ತಮಗೊಂಡಿದ್ದವು. ಆಡಿ ನೋಡದ ಹೊಸ ಪಠ್ಯವನ್ನು ಓದುವಾಗಲೂ ಆ ಲಾಭ ಕಂಡಿತು. ಗಣಿತದ ಅಂಕಕ್ಕೆ ಇದನ್ನು ಸಾಕ್ಷಿ ಮಾಡಬೇಡಿ, ಆ ಪರಿಶೀಲನೆ ಭಾಷೆಯ ಕುರಿತಾದದ್ದು. ಆಡಿ ಎದ್ದುಹೋದರೂ ಸಾಲದು. ಕುರ್ಚಿಯ ಪ್ರಸಂಗವಾದ ಮೇಲೆ ಅದೇ ಪಿರಿಯಡ್‌ನಲ್ಲಿ ರಾಜ ಟೇಲರನಿಗೆ ಬರೆಯಬಹುದಾಗಿದ್ದ ಪತ್ರವನ್ನು ಮಕ್ಕಳು ಬರೆಯಬೇಕು. ಪರೀಕ್ಷೆಗೆ ಉಳಿಯುವುದು ಆ ಬರಹ.

ನಂಬಿಕೆ: ‘ನಾಟಕ ಅಂದ್ರ ಬಾಯಿಪಾಠ’

ನಟರು ಮಾತು ಕಲಿಯುವ ಬಗೆಯನ್ನು ವರ್ಷಗಟ್ಟಲೆ ಗಮನಿಸಿದ ಹೆಲ್ಗಾ ಮತ್ತು ಟೋನಿ ನೋಯ್ಸ್ ದಂಪತಿ ಕಂಡದ್ದು ಬೇರೆ. ಪಳಗಿದ ನಟ ಸಾಲುಗಳನ್ನು ಉರುಹೊಡೆಯುವುದಿಲ್ಲ. ಈ ಮಾತನ್ನು ಈತ ಯಾಕೆ ಆಡುತ್ತಿದ್ದಾನೆ ಎಂದು ಹುಡುಕುತ್ತಾನೆ. ಸಾಲು ಅದರ ಬೆನ್ನಿಗೆ ಬರುತ್ತದೆ.

ನಂಬಿಕೆ: ‘ಓದಿದ್ದು ಶೇ 10, ಕೇಳಿದ್ದು ಶೇ 20, ಮಾಡಿದ್ದು ಶೇ 90 ನೆನಪಿರತದ’

ಇದು ನಾಟಕದ ಪರವಾಗಿರುವವರ ತಪ್ಪು, ಅದಕ್ಕೇ ಹೆಚ್ಚು ಮುಜುಗರ. ತರಬೇತಿಗಳಲ್ಲಿ ಗೋಪುರದಾಕಾರದ ಒಂದು ಚಿತ್ರ ತೋರಿಸಿ ಈ ಲೆಕ್ಕ ಒಪ್ಪಿಸುವುದುಂಟು. ಚಿತ್ರ ಅಮೆರಿಕದ ಎಡ್ಗರ್ ಡೇಲ್ 1946ರಲ್ಲಿ ಬರೆದದ್ದು. ಅದರಲ್ಲಿ ನಾಟಕಕ್ಕೆ ಒಂದು ಮೆಟ್ಟಿಲು ಇತ್ತು ನಿಜ, ಆದರೆ ಒಂದೇ ಒಂದು ಅಂಕಿ ಇರಲಿಲ್ಲ. ಶೇಕಡಾವಾರು ಆಮೇಲೆ ಯಾರೋ ಅಂಟಿಸಿದ್ದು, ಅದರ ಹಿಂದೆ ಯಾವ ಪ್ರಯೋಗವೂ ಇಲ್ಲ. ಬರೀ ಕೇಳಿದ್ದಕ್ಕಿಂತ ಮಾಡಿ ನೋಡಿದ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ. ಅಷ್ಟು ಸಾಕಲ್ಲ, ಸುಳ್ಳು ಅಂಕಿಯ ಹಂಗೇಕೆ?

‘ಗದ್ದಲ ಆಗತೈತಿ’ ಎಂಬ ದೂರು ನಿಜವೇ. ಆಗುತ್ತದೆ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟರಾಯಿತು.

ನಂಬಿಕೆ: ‘ನಾಟಕ ಇದ್ರ ಹುಡುಗರು ಸಾಲಿ ತಪ್ಪಸೂದಿಲ್ಲ’

ಬೇಸರಕ್ಕೆ ತಪ್ಪಿಸುವವರು ಬಂದಾರು. ಹತ್ತಿ ಬಿಡಿಸಲು ಹೋದ ಹುಡುಗಿ, ಅಪ್ಪ–ಅವ್ವನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋದ ಹುಡುಗ ಶಾಲೆ ಬಿಟ್ಟದ್ದು ಪಾಠ ಬೇಸರವಾಗಿ ಅಲ್ಲ. ಕೂಲಿಯ ಲೆಕ್ಕವನ್ನು ಯಾವ ಪಾತ್ರವೂ ಸರಿದೂಗಿಸದು. ಆದರೆ ತಿಂಗಳುಗಳ ನಂತರ ಆ ಹುಡುಗ ಮರಳಿ ಬಂದ ದಿನ ನೋಟ್ಸ್ ಬರೆದುಕೋ ಎನ್ನುವ ಬದಲು, ಖಾಲಿ ಕುರ್ಚಿಯಲ್ಲಿ ಅವನನ್ನೇ ಕೂರಿಸಿ ನೋಡಬಹುದು, ಅವನು ಒಪ್ಪಿದರೆ. ಹತ್ತು ಮಹಡಿಯ ಕಟ್ಟಡಕ್ಕೆ ಸಿಮೆಂಟು ಮೇಲೇರುವ ಬಗೆ ಹೇಗೆ, ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಅಲ್ಲಿ ಎಷ್ಟು ಭಾಷೆ ಕಿವಿಗೆ ಬೀಳುತ್ತವೆ. ಆವತ್ತು ಪ್ರಶ್ನೆ ಕೇಳುವವರು ಉಳಿದವರು, ಮೇಷ್ಟ್ರೂ ಸೇರಿ.