ಹ್ಯಾಂಡ್‌ಬಿಲ್ಲಿನಲ್ಲಿ ಉಳಿದ ಹೆಸರು

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಕಂಪನಿ ನಾಟಕದ ಅಭಿಮಾನಿಗಳಿಗೆ ಇಂದಿಗೂ ಬರವಿಲ್ಲ. ಹಳೆಯ ನಾಟಕ ಕಂಪನಿಗಳ ಚರಿತ್ರೆಯಲ್ಲಿ ನನಗೆ ಆಸಕ್ತಿಯುಂಟೆಂದು ತಿಳಿದವರು ಮದುವೆಯ ಪಂಕ್ತಿಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಪ್ರಶ್ನೆ ಹಾಕುತ್ತಾರೆ.

ಹೆಚ್ಚಿನವು ಗುಬ್ಬಿ ಕಂಪನಿಯ ಕುರಿತಾದವು. ರಂಗದ ಮೇಲೆ ಆನೆ, ಕುದುರೆಗಳನ್ನು ತಂದ ನಾಟಕ ಯಾವುದು? ‘ಕುರುಕ್ಷೇತ್ರ’. ಕಂಪನಿಯನ್ನು ಕಟ್ಟಿದವರು ವೀರಣ್ಣನವರೇ? ಅಲ್ಲ, ಕಂಪನಿ ಹುಟ್ಟಿದ್ದು 1884ರಲ್ಲಿ, ವೀರಣ್ಣನವರು ಜನಿಸಿದ್ದು 1891ರಲ್ಲಿ. ಹಾಗಾದರೆ ಕನ್ನಡದ ಮೊದಲ ಮಂಡಳಿ ಗುಬ್ಬಿಯದೇ ಎಂದು ಕೇಳುವವರಿಗೆ ಗದಗಿನತ್ತ ಕೈ ತೋರಿಸುತ್ತೇನೆ. ಮರಾಠಿ ನಾಟಕಗಳೇ ಈ ಭಾಗವನ್ನು ಆಳುತ್ತಿದ್ದ 1870ರ ದಶಕದಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಅಲ್ಲಿ ಮಂಡಳಿ ಕಟ್ಟಿದರು. ‘ಉಷಾಹರಣ’ದಂತಹ ಕನ್ನಡ ನಾಟಕಗಳನ್ನು ಬರೆದರು.

‘ಸಂಪತ್ತಿಗೆ ಸವಾಲ್’ ಸಿನಿಮಾ ಮೊದಲೋ ನಾಟಕ ಮೊದಲೋ ಎಂಬುದು ಗಜೇಂದ್ರಗಡದಲ್ಲಿ ತಪ್ಪದೆ ಬರುವ ಪ್ರಶ್ನೆ. ನಾಟಕವೇ ಮೊದಲು. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ಕೃತಿಯದು, 1974ರಲ್ಲಿ ಚಲನಚಿತ್ರವಾಯಿತು. ಎಮ್ಮೆಯ ಮೇಲೆ ಕುಳಿತು ಹಾಡಿದ ರಾಜಕುಮಾರ್ ಎಲ್ಲರಿಗೂ ನೆನಪಿದ್ದಾರೆ, ಧುತ್ತರಗಿಯವರ ಹೆಸರನ್ನು ಮಾತ್ರ ನಾನೇ ಹೇಳಬೇಕಾಗುತ್ತದೆ.

ಒಮ್ಮೆ ಹಿರಿಯ ನೇಕಾರರೊಬ್ಬರು ಕೇಳಿದರು: “ಎಲ್ಲಾ ಕಂಪನಿ ಹೆಸರಿನ್ಯಾಗೂ ‘ಕೃಪಾಪೋಷಿತ’ ಅಂತ ಯಾಕ ಇರತೈತ್ರಿ, ಸಾಹೇಬ್ರ?” ದೇವರ ಅಥವಾ ಗುರುವಿನ ಕೃಪೆಯಿಂದ ಬೆಳೆದದ್ದು ಎಂಬುದು ಶಬ್ದಾರ್ಥ. ಅರ್ಥಶಾಸ್ತ್ರ ಓದಿದವನಾದ ನನಗೆ ಪೋಷಣೆಯ ಬಗೆ ಹೆಚ್ಚು ಕುತೂಹಲದ್ದು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯನ್ನೇ ನೋಡಿ. ಅದು ನಡೆಯುವುದು ಬನದ ಹುಣ್ಣಿಮೆಗೆ, ಮುಂಗಾರಿನ ಬೆಳೆ ಮಾರಿ ರೈತನ ಕೈಯಲ್ಲಿ ನಾಲ್ಕು ಕಾಸು ಇರುವ ಕಾಲಕ್ಕೆ. ಒಂದೇ ಜಾತ್ರೆಯಲ್ಲಿ ಹಲವು ಕಂಪನಿಗಳು ವಾರಗಟ್ಟಲೆ ಡೇರೆ ಹಾಕುತ್ತವೆ. ಚಕ್ಕಡಿ ಕಟ್ಟಿಕೊಂಡು ಬಂದವರು ರಾತ್ರಿ ಮರಳುವಂತಿರಲಿಲ್ಲ. ನಸುಕಿನವರೆಗೆ ನಡೆಯುವ ನಾಟಕ ಅವರಿಗೆ ಮನರಂಜನೆಯೂ ಹೌದು, ತಂಗುದಾಣವೂ ಹೌದು. ಆದರೆ ಮಳೆ ಕೈಕೊಟ್ಟ ವರ್ಷ ಈ ಎರಿ ಹೊಲಗಳ ನಾಡಿನಲ್ಲಿ ಗಲ್ಲಾಪೆಟ್ಟಿಗೆಯೂ ಬರಿದು. ಪ್ರೇಕ್ಷಕರು ಬರಲಿ ಬಿಡಲಿ, ಪರದೆ, ದೀಪ, ಕಲಾವಿದರ ಎರಡು ಹೊತ್ತಿನ ಊಟದ ಖರ್ಚು ನಿಲ್ಲುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯಸಂಘದಲ್ಲಂತೂ ಪೋಷಣೆ ತಿರುವುಮುರುವು: ಅಲ್ಲಿ ನಾಟಕದ ಆದಾಯವೇ ಅಂಧ ವಿದ್ಯಾರ್ಥಿಗಳ ಅನ್ನ, ಸಂಗೀತಪಾಠಕ್ಕೆ ನೆರವಾಯಿತು. ಸ್ವತಃ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳು ಅದಕ್ಕಾಗಿ ನಾಟಕಗಳನ್ನು ರಚಿಸಿದರು.

ಇಂತಹ ಪ್ರಶ್ನೋತ್ತರಗಳನ್ನು ಕೆಲಸವಿಲ್ಲದವರ ಹರಟೆಯೆಂದು ನಗುವವರಿದ್ದಾರೆ. ಅವರು ವೃದ್ಧ ಕಲಾವಿದರ ಮಾಸಾಶನದ ಅರ್ಜಿಯನ್ನು ಒಮ್ಮೆ ಓದಬೇಕು. ಸರ್ಕಾರ ಕೊಡುವ ಈ ನೆರವಿಗೆ ಕಲಾಸೇವೆಯ ದಾಖಲೆ ಬೇಕು. ನಿಯಮ ತಪ್ಪೆನ್ನಲಾರೆ, ಸಾರ್ವಜನಿಕ ಹಣಕ್ಕೆ ಪುರಾವೆ ಇರಲೇಬೇಕು. ಆದರೆ ಊರಿಂದೂರಿಗೆ ಅಲೆದು, ರಂಗದ ಹೆಸರಿನಲ್ಲಿಯೇ ಬದುಕಿದ ನಟಿ ಯಾವ ಕಾಗದ ತಂದಾಳು? ಮುಚ್ಚಿಹೋದ ಕಂಪನಿಯ ಹಾಜರಿ ಪುಸ್ತಕ ಎಲ್ಲಿಯದು? ಆ ವರ್ಷ ಜಾತ್ರೆಯಲ್ಲಿ ನಾಯಕಿಯ ಪಾತ್ರ ಮಾಡಿದವಳು ಯಾರು ಎಂಬ ಅಭಿಮಾನಿಯ ಪ್ರಶ್ನೆ ಅವಳ ಪಾಲಿಗೆ ತಿಂಗಳ ಅಕ್ಕಿಯ ಪ್ರಶ್ನೆ. ಉತ್ತರವಿರುವುದು ಯಾರದೋ ಮನೆಯ ಟ್ರಂಕಿನ ತಳದ ಹ್ಯಾಂಡ್‌ಬಿಲ್ಲಿನಲ್ಲಿ.

ತಾಲ್ಲೂಕಿನ ಗ್ರಂಥಾಲಯಗಳು ಇವನ್ನು ಸಂಗ್ರಹಿಸುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಒಂದು ತೊಡಕುಂಟು: ಅನೇಕ ಹ್ಯಾಂಡ್‌ಬಿಲ್ಲುಗಳಲ್ಲಿ ವಾರ, ತಾರೀಖು ಇರುತ್ತವೆ, ಇಸವಿ ಇರುವುದಿಲ್ಲ. ವಾರ ಮತ್ತು ತಾರೀಖು ಕೂಡಿಬರುವ ವರ್ಷಗಳನ್ನು ಹಳೆಯ ಪಂಚಾಂಗದಲ್ಲಿ ಗುರುತಿಸಿ, ಟಿಕೆಟ್ ದರದೊಡನೆ ಹೋಲಿಸಿದರೆ ಇಸವಿ ಬಹುಮಟ್ಟಿಗೆ ಸಿಗುತ್ತದೆ. ಪ್ರಶ್ನೆ ಕೇಳಲು ಬರುವವರಿಗೆ ಈಚೆಗೆ ಮೊದಲು ಈ ಲೆಕ್ಕವನ್ನೇ ಕಲಿಸುತ್ತಿದ್ದೇನೆ.