ಮುದ್ರಿಸಿದ ಕಿರುದ್ವೀಪಕ್ಕೂ ಉಸಿರು ಬೇಕು

ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ತಿರುಗಿಬೀಳುತ್ತದೆ. ಈ ಕೋಶಗಳಿರುವುದು ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಚದುರಿರುವ ಪುಟ್ಟ ಗುಂಪುಗಳಲ್ಲಿ. 1869ರಲ್ಲಿ ಅವನ್ನು ಮೊದಲು ಗುರುತಿಸಿದ ಪಾಲ್ ಲ್ಯಾಂಗರ್‌ಹ್ಯಾನ್ಸ್ ಹೆಸರಿನಲ್ಲೇ ಅವು ಇಂದಿಗೂ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು. ಸುಮಾರು ಹತ್ತು ಲಕ್ಷ ಕಿರುದ್ವೀಪಗಳಿದ್ದರೂ ಎಲ್ಲವನ್ನೂ ಒಟ್ಟುಗೂಡಿಸಿದರೆ ಗ್ರಂಥಿಯ ತೂಕದ ಶೇ. 1–2ರಷ್ಟೇ.

ಈ ದಾಳಿಗೆ ಸತ್ತ ಬೀಟಾ ಕೋಶಗಳ ಜಾಗಕ್ಕೆ ಬೇರೆಯವನ್ನು ತುಂಬಬಹುದೇ? ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ತಂಡ ಇದನ್ನು ಮಾಡಿತು. ದಾನಿಗಳ ಕಿರುದ್ವೀಪಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಹರಿಸಿದಾಗ, ಏಳು ರೋಗಿಗಳಿಗೂ ಇನ್ಸುಲಿನ್ ಚುಚ್ಚುಮದ್ದು ಬೇಡವಾಯಿತು. 2000ದಲ್ಲಿ ಆ ವರದಿ ಬಂತು. ಆದರೆ ಹೀಗೆ ಹರಿಸಿದ ಕಿರುದ್ವೀಪಗಳಲ್ಲಿ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ಸಾಯುತ್ತದೆ. ಹಾಗಾಗಿ ಒಬ್ಬ ರೋಗಿಗೆ ಒಬ್ಬ ದಾನಿ ಸಾಲುವುದು ಅಪರೂಪ.

ಜೀವಕೋಶ ಬೆರೆಸಿದ ಶಾಯಿಯಿಂದ ಅಂಗಾಂಶ ಮುದ್ರಿಸುವ ಬಯೋಪ್ರಿಂಟಿಂಗ್‌ನ ಮೇಲೆ ನನಗೆ ಭರವಸೆ ಮೂಡಿದ್ದು ಇಲ್ಲಿಯೇ. ಇದರಲ್ಲಿ ಕಿರುದ್ವೀಪಗಳನ್ನು ಅವುಗಳಿಗೆ ಒಗ್ಗುವ ಮನೆಯ ಸಮೇತ ಕಟ್ಟಬಹುದು. 2025ರ ಜೂನ್‌ನಲ್ಲಿ ಲಂಡನ್‌ನ ಅಂಗಾಂಗ ಕಸಿ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ತಂಡವೊಂದು ತೋರಿಸಿದ್ದೂ ಇದನ್ನೇ. ಮಾನವ ಮೇದೋಜೀರಕ ಗ್ರಂಥಿಯಿಂದ ಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಹಂದರವನ್ನು ಕಡಲ ಪಾಚಿಯಿಂದ ಸಿಗುವ ಆಲ್ಜಿನೇಟ್ ಜೊತೆ ಬೆರೆಸಿ ಶಾಯಿ ಮಾಡಿದರು. ಕಿರುದ್ವೀಪಗಳನ್ನು ಅದರಲ್ಲಿ ಸೇರಿಸಿ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದಂತೆ ಸಣ್ಣ ಕೊಳವೆಯಿಂದ ಒತ್ತಿದರು. ಬಿರುಸಾಗಿ ಒತ್ತಿದರೆ ಕೋಶಗಳು ನಜ್ಜುಗುಜ್ಜು. ಅದಕ್ಕೇ ಒತ್ತಡ ಬರೀ 30 ಕಿಲೋಪಾಸ್ಕಲ್, ವೇಗ ನಿಮಿಷಕ್ಕೆ 20 ಮಿಲಿಮೀಟರ್. ಈ ನಿಧಾನ ಫಲ ಕೊಟ್ಟಿತು: ಶೇ. 90ಕ್ಕೂ ಹೆಚ್ಚು ಕೋಶಗಳು ಬದುಕಿದವು, ಮೂರು ವಾರಗಳವರೆಗೆ ಗ್ಲೂಕೋಸ್ ಕಂಡಾಗ ಇನ್ಸುಲಿನ್ ಸುರಿಸಿದವು.

ಮುದ್ರಣದಲ್ಲಿ ಎಳೆಗಳ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿದ್ದರು. ಏಕೆಂದರೆ ರಕ್ತದಿಂದ ಎರಡು ಕೂದಲೆಳೆಗಳ ದಪ್ಪದಷ್ಟು ದೂರವಾದರೂ ಕೋಶಕ್ಕೆ ಆಮ್ಲಜನಕ ಸಾಲದು. ಆ ಸಂದುಗಳಲ್ಲಿ ಆಮ್ಲಜನಕ ಹರಿಯಬೇಕು, ಮುಂದೆ ರಕ್ತನಾಳಗಳೂ ಬೆಳೆಯಬೇಕು.

ಇದೆಲ್ಲ ಆಗಿದ್ದು ಪ್ರಯೋಗಾಲಯದ ತಟ್ಟೆಯಲ್ಲಿ. ಮುಂದೆ ಇದನ್ನು ಚರ್ಮದ ಕೆಳಗೆ, ಸಣ್ಣದೊಂದು ಗಾಯ ಮಾಡಿ ಇಡುವ ಆಸೆ ತಂಡದ್ದು. ಯಕೃತ್ತಿಗೆ ಹರಿಸಿದ್ದನ್ನು ಮರಳಿ ತೆಗೆಯಲಾಗದು, ಚರ್ಮದಡಿಯದನ್ನು ತೆಗೆಯಬಹುದು. ಆದರೆ ಹಳೆಯ ಬೀಟಾ ಕೋಶಗಳನ್ನು ಕೊಂದ ಅದೇ ರಕ್ಷಣಾ ವ್ಯವಸ್ಥೆ ಹೊಸದನ್ನೂ ಬಿಡುವುದಿಲ್ಲ. ಅದನ್ನು ತಡೆಯಲು ಜೀವನಪೂರ್ತಿ ಔಷಧಿ ನುಂಗಬೇಕೆಂದರೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಹತ್ತು ವರ್ಷದ ಮಗುವಿಗೆ ಈ ಕಸಿ ಮಾಡಿ ಎನ್ನಲು ನನಗಂತೂ ಮನಸ್ಸು ಬಾರದು. ಆ ಔಷಧಿಗಳು ಸೋಂಕಿಗೆ ದಾರಿ ಮಾಡಿಕೊಡುತ್ತವೆ, ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು.